ಬಕೆಟ್ಟುಗಳ ಸರದಿ, ವಿಮಾನಗಳ ಹೊತ್ತು

ಮನುಷ್ಯನಿಗಿಂತ ಅವನ ಬಕೆಟ್ಟು ಬೇಗ ಏಳುತ್ತದೆ ಎಂಬುದನ್ನು ವಠಾರದಲ್ಲಿ ಬಾಳಿದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ನಮ್ಮ ವಠಾರದ ನಾಲ್ಕು ಸಂಸಾರಗಳಿಗೆ ಇದ್ದದ್ದು ಒಂದೇ ಬಚ್ಚಲು. ಅದರ ಬಾಗಿಲ ಮುಂದೆ ಯಾರ ಬಕೆಟ್ಟು ಮೊದಲು ಕೂತಿತೋ ಅವರಿಗೆ ಮೊದಲ ಸ್ನಾನ. ನಾನಂತೂ ಹಾಲಿನವನಿಗಿಂತ ಮುಂಚೆ ನನ್ನ ಬಕೆಟ್ಟನ್ನು ಅಲ್ಲಿ ಪ್ರತಿಷ್ಠಾಪಿಸಿ, ಕಾಫಿ ಮತ್ತು ಪತ್ರಿಕೆಯ ಸೇವೆಗೆ ಮರಳುತ್ತಿದ್ದೆ. ನಾನು ಪಾಠ ಹೇಳುತ್ತಿದ್ದ ಶಾಲೆ ಎರಡು ಬೀದಿಯಾಚೆಗಿತ್ತು, ಗಂಟೆ ಹೊಡೆಯುತ್ತಿದ್ದದ್ದು ಹತ್ತಕ್ಕೆ. ಆದರೂ ಅಗ್ರಸ್ಥಾನದ ಸುಖವೇ ಬೇರೆ.

ಎದುರುಮನೆಯ ಶೇಷಗಿರಿ ವಿಮಾನ ನಿಲ್ದಾಣದ ಕಂಟ್ರೋಲ್ ಟವರಿನಲ್ಲಿ ಕೆಲಸಕ್ಕಿದ್ದ. ಸಿದ್ಧವಾದ ವಿಮಾನವನ್ನೂ ನೆಲದ ಮೇಲೆ ನಿಲ್ಲಿಸಿಕೊಳ್ಳುವುದೇಕೆಂದು ಒಂದು ಭಾನುವಾರ ಅವನನ್ನು ಕೇಳಿದೆ. ಇಳಿಯುವ ಊರಿನ ರನ್‌ವೇ ಗಂಟೆಗೆ ಇಂತಿಷ್ಟೇ ವಿಮಾನಗಳನ್ನು ತಾಳಿಕೊಳ್ಳುತ್ತದಂತೆ. ಆದ್ದರಿಂದ ಅಲ್ಲಿ ಇಳಿಯುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ ಇಲ್ಲಿ ಏಳುವ ಹೊತ್ತನ್ನು ಗೊತ್ತುಮಾಡುತ್ತಾರಂತೆ. ಆಕಾಶದಲ್ಲಿ ಸುತ್ತುತ್ತ ಎಣ್ಣೆ ಸುಡುವುದಕ್ಕಿಂತ ನೆಲದ ಮೇಲೆ ಕಾಯುವುದೇ ಕ್ಷೇಮ.

“ಮೊದಲು ಬಂದು ನಿಂತವರಿಗೆ ಮೊದಲು ಅಂತ ಇಲ್ವೇನಯ್ಯಾ?”

“ನಿಂತ್ರೆ ಏನ್ ಬಂತು ಮೇಷ್ಟ್ರೇ? ಕೊಟ್ಟ ಹೊತ್ತಿಗೆ ರೆಡಿ ಇರ್ಬೇಕು. ತಪ್ಪಿದ್ರೆ ಇನ್ನೊಂದು ಹೊತ್ತು ಕೇಳ್ಕೊಂಡು ಕಾಯ್ಬೇಕು.”

ನನ್ನೊಳಗಿನ ಸುಧಾರಕ ಎದ್ದು ಕುಳಿತ. ಅಂದೇ ಬಕೆಟ್ಟುಗಳ ಪ್ರಭುತ್ವವನ್ನು ರದ್ದುಮಾಡಿ, ಪ್ರತಿಯೊಬ್ಬರ ಬಸ್ಸಿನ ವೇಳೆಯಿಂದ ಹಿಂದಕ್ಕೆ ಎಣಿಸಿದ ಪಟ್ಟಿಯೊಂದನ್ನು ದುಂಡಗೆ ಬರೆದು ಬಚ್ಚಲ ಬಾಗಿಲಿಗೆ ಅಂಟಿಸಿದೆ. ಬಸ್ಸೇ ಹತ್ತದ ನನ್ನ ಹೆಸರು ಮಾತ್ರ ಹೇಗೋ ಮೊದಲ ಸಾಲಿಗೆ ಬಂದಿತ್ತು. ಶಾಸನ ಬರೆದವನಿಗೆ ಅಷ್ಟೂ ಬೇಡವೇ, ನೀವೇ ಹೇಳಿ.

ಮುಂದಿನ ವಾರ ಮೂಲೆಮನೆಯ ವಿಮಲಾಗೆ ಟೈಪಿಸ್ಟ್ ಕೆಲಸದ ಸಂದರ್ಶನವಿತ್ತು. ತಂದೆಯಿಲ್ಲದ ಮನೆ. ಹಿಂದಿನ ಸಂದರ್ಶನಕ್ಕೆ ತಡವಾಗಿ ಹೋಗಿ ಸಿಗಬಹುದಾಗಿದ್ದ ಕೆಲಸ ಕಳೆದುಕೊಂಡಿದ್ದಳು. ಇದೂ ಕೈತಪ್ಪಿದರೆ ಬೆಂಗಳೂರಿನ ಮನೆ ಖಾಲಿಮಾಡಿ ಸೋದರಮಾವನ ಆಶ್ರಯಕ್ಕೆ ಹೋಗುವುದೆಂದು ತಾಯಿ ನಿಶ್ಚಯಿಸಿದ್ದರು. ಆ ಬೆಳಿಗ್ಗೆ ಪತ್ರಿಕೆಯಲ್ಲಿ ಮುಳುಗಿ ನನ್ನ ಹೊತ್ತನ್ನು ಮೀರಿದ ನಾನು, ಸರಿಯಾಗಿ ಅವಳ ಹೊತ್ತಿಗೆ ಬಚ್ಚಲ ಬಳಿ ಹಾಜರಾದೆ.

“ಎರಡೇ ಚೊಂಬು ಕಣಮ್ಮ, ಬಂದ್ಬಿಟ್ಟೆ,” ಎಂದೆ.

ವಿಮಲಾ ತಲೆತಗ್ಗಿಸಿ, “ಹೋದ ಸಲಾನೂ ಹಾಗೇ ಅಂದ್ರಿ ಮೇಷ್ಟ್ರೇ. ನಿಮ್ಮ ಬಕೆಟ್ ಮುಂದಿತ್ತು, ನಾನು ಕಾದೆ. ಬಸ್ ಹೋಯ್ತು,” ಎಂದಳು.

ನಾಲ್ಕು ಮನೆಗಳಿಗೂ ತಿಳಿದಿದ್ದ ಈ ಸಂಗತಿ ನನಗೊಬ್ಬನಿಗೇ ತಿಳಿದಿರಲಿಲ್ಲ. ತರಗತಿಗೆ ಐದು ನಿಮಿಷ ತಡವಾದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು ನಾನು. ವಿಪರೀತ ನಾಚಿಕೆಯಾಯಿತು. ಬಕೆಟ್ಟನ್ನೆತ್ತಿಕೊಂಡು ಪಕ್ಕಕ್ಕೆ ಸರಿದೆ.

ಅವಳಿಗೆ ಬಸ್ಸು ಸಿಕ್ಕಿತು, ಕೆಲಸವೂ ಸಿಕ್ಕಿತು. ಅವಳು ಕೆಲಸಕ್ಕೆ ಸೇರುವ ಹಿಂದಿನ ದಿನ ನಾನು ಹೊಸ ಪಟ್ಟಿ ಬರೆದೆ. ಮೊದಲ ಸಾಲಿನಲ್ಲಿ ಅವಳ ಹೆಸರು. ಕಟ್ಟಕಡೆಯಲ್ಲಿ, ಒಂಬತ್ತು ಗಂಟೆಗೆ, ನನ್ನದು. ಅಷ್ಟು ಹೊತ್ತಿಗೆ ಹಂಡೆಯ ನೀರು ಆರಿರುತ್ತಿತ್ತು ನಿಜ. ಆದರೆ ಶಾಲೆಗೆ ಒಂದು ದಿನವೂ ತಡವಾಗಲಿಲ್ಲ.