ಹರಿಹರಕ್ಕೆ ಹೋಗಿ ಸ್ಪೀಕರು ಕೇಳಿದ್ದು

ಆರಿಸಿಕೊಳ್ಳುವ ಸ್ವಾತಂತ್ರ್ಯ ದೊಡ್ಡದು ಎಂದು ಭಾಷಣ ಮಾಡುವವರು ಯಾರೂ ಸ್ಪೀಕರು ಕೊಳ್ಳಲು ಹೊರಟವರಲ್ಲ. ನಾನು ಹೊರಟವನು. ಮೂರು ತಿಂಗಳು ಅಲೆದ ಮೇಲೆ ಈಗ ಯಾರಾದರೂ ಎರಡು ಬದನೆಕಾಯಿ ಹಿಡಿದು ಯಾವುದು ಎಳೆಯದು ಎಂದು ಕೇಳಿದರೂ ನನಗೆ ಎಲ್ಲಾದರೂ ಗೋಡೆಗೆ ಒರಗಿಕೊಳ್ಳೋಣ ಅನ್ನಿಸುತ್ತದೆ.

ಎಲ್ಲಕ್ಕೂ ಮೂಲ ನಮ್ಮ ಮನೆಯ ರೇಡಿಯೋ. ಅದರ ಗಂಟಲಲ್ಲಿ ಸದಾ ಕಫ. ಧಾರವಾಡದಿಂದ ಯಾರು ಏನೇ ಹಾಡಿದರೂ ತಗಡಿನ ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದಂತೆ ಕೇಳಿಸುತ್ತಿತ್ತು. ನನಗೇನೋ ರೂಢಿಯಾಗಿತ್ತು, ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಗಣಿತ ಹೇಳಿಕೊಟ್ಟವನ ಕಿವಿ ಎಂಥ ಸದ್ದಿಗೂ ಒಗ್ಗಿಬಿಡುತ್ತದೆ. ಮನೆಯಾಕೆಗೆ ಒಗ್ಗಲಿಲ್ಲ. ಒಂದು ಬೆಳಿಗ್ಗೆ ಒಳಗಿನಿಂದ ಬಂದವಳೇ ಒದ್ದೆ ಕೈಯಲ್ಲೇ ಗುಂಡಿ ತಿರುಗಿಸಿ ಅದನ್ನು ನಿಲ್ಲಿಸಿದಳು.

"ಬ್ಯಾಡ್ರಿ. ಹಿಂಗೆ ಕೇಳೋದಕ್ಕಿಂತ ಕೇಳದಿರೋದೇ ಚಲೋ."

ಜಗಳವಿಲ್ಲ, ಮುನಿಸಿಲ್ಲ. ಅಂದಿನಿಂದ ಹಾಡಿನ ಸುದ್ದಿಯನ್ನೇ ಬಿಟ್ಟಳು.

ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವಷ್ಟು ಧೈರ್ಯ ನನಗಿರಲಿಲ್ಲ. ನಾನು ಹೆಣ್ಣು ನೋಡಲು ಹೋದ ದಿನ ನಮ್ಮ ಸೋದರತ್ತೆ, "ಒಂದು ಹಾಡು ಹೇಳಮ್ಮಾ" ಎಂದಿದ್ದರು. ಏಳು ವರ್ಷ ಸಂಗೀತ ಕಲಿತ ಹುಡುಗಿ ತಲೆ ತಗ್ಗಿಸಿಕೊಂಡು ಹಾಡಿದಳು. ನಾವು ಉಪ್ಪಿಟ್ಟು ತಿನ್ನುತ್ತ ತಲೆದೂಗಿ ಪಾಸು ಮಾಡಿದೆವು. ಮದುವೆಯಾದ ಮೇಲೆ ನಮ್ಮ ಮನೆಯಲ್ಲಿ ಯಾರೂ ಎರಡನೆಯ ಹಾಡು ಕೇಳಲಿಲ್ಲ. ಫಲಿತಾಂಶ ಬಂದ ಮೇಲೆ ಉತ್ತರಪತ್ರಿಕೆ ಯಾರಿಗೆ ಬೇಕು? ಅವಳ ಪಾಲಿಗೆ ಉಳಿದಿದ್ದದ್ದು ಆ ರೇಡಿಯೋ ಒಂದೇ. ಅದೂ ಹೋಯಿತು. ರೇಡಿಯೋಕ್ಕೆ ಒಂದು ಉತ್ತಮ ಸ್ಪೀಕರು ಜೋಡಿಸಿ ಅವಳನ್ನು ಮತ್ತೆ ಹಾಡಿನ ಹತ್ತಿರ ಕರೆತರಬೇಕೆಂದು ನಾನು, ತಡವಾಗಿಯೇ ಸರಿ, ಸಂಕಲ್ಪ ಮಾಡಿದೆ.

ದಾವಣಗೆರೆಯಲ್ಲಿ ಬಟ್ಟೆ ಮುಟ್ಟಿ ನೋಡಲು ಅಂಗಡಿ ನೂರು. ಸ್ಪೀಕರು ಕೇಳಿ ನೋಡಲು ನನಗೆ ಗೊತ್ತಿದ್ದದ್ದು ಬಾಬಾಜಾನ್ ಸಾಹೇಬರದೊಂದೇ. ಅವರು ರೇಡಿಯೋ ಮಾರುತ್ತಿದ್ದರು, ಮದುವೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ನನ್ನನ್ನು ಕೂರಿಸಿ, ಚಹಾ ತರಿಸಿ, ಶಹನಾಯಿ ರೆಕಾರ್ಡು ಹಾಕಿ ಧ್ವನಿ ಏರಿಸಿದರು. ಬೀದಿಯಲ್ಲಿ ಹೋಗುತ್ತಿದ್ದ ಎತ್ತುಗಳು ಹತ್ತಿ ಮೂಟೆಯ ಗಾಡಿ ಸಮೇತ ನಿಂತುಬಿಟ್ಟವು.

"ಹೆಂಗೈತ್ರಿ ಮೇಷ್ಟ್ರೇ ಆವಾಜು? ಆನಗೋಡಿನ ತನ್ಕ ಕೇಳ್ತೈತೆ!"

"ನಂಗೆ ಮನಿಯೊಳಗೆ ಕೇಳಬೇಕ್ರಿ ಸಾಹೇಬ್ರೇ."

"ಅಲ್ರಿ, ಆನಗೋಡಿಗೆ ಕೇಳಿದ್ದು ನಿಮ್ಮನಿಗೆ ಕೇಳಲ್ವಾ?"

ಗಣಿತದ ಮೇಷ್ಟರಾಗಿಯೂ ಈ ತರ್ಕದಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಆದರೆ ಸಾಹೇಬರು ಪ್ರಾಮಾಣಿಕರು. ಒಳ್ಳೆಯ ಮಾಲು ಮುಂಬಯಿಯಿಂದ ಬರಬೇಕು, ತರಿಸುವ ಮುಂಚೆ ಕೇಳಿಸಲಾರೆ, ತರಿಸಿದ ಮೇಲೆ ಹಿಂದಕ್ಕೆ ಕಳಿಸಲಾರೆ ಎಂದು ಮೊದಲೇ ಹೇಳಿಬಿಟ್ಟರು.

ಜ್ಞಾನಕ್ಕೆ ಪ್ರತ್ಯಕ್ಷ, ಅನುಮಾನ, ಆಪ್ತರ ಮಾತು ಮುಂತಾದ ದಾರಿಗಳಿವೆಯೆಂದು ನಮ್ಮ ತಾರ್ಕಿಕರು ಹೇಳಿದ್ದಾರೆ. ಪ್ರತ್ಯಕ್ಷವೆಂಬುದು ಮುಂಬಯಿಯಲ್ಲಿತ್ತು. ಆಪ್ತರ ಮಾತೇ ಗತಿಯೆಂದು ಹರಿಹರದ ರೈಲು ಹತ್ತಿದೆ.

ಅಲ್ಲಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದ ವಾಸುದೇವಮೂರ್ತಿ ನನ್ನ ಸಹಪಾಠಿ. ಗುತ್ತೂರಿನ ಕಡೆ ಅವನ ಕ್ವಾರ್ಟರ್ಸು. ಅಲ್ಲಿ ಎರಡು ಸ್ಪೀಕರುಗಳಿದ್ದವು: ಒಂದು ಬೀರುವಿನಷ್ಟು, ಇನ್ನೊಂದು ಟ್ರಂಕಿನಷ್ಟು. ನಡುಮನೆಯ ಬೆತ್ತದ ಕುರ್ಚಿಯನ್ನು ಟೇಪು ಹಿಡಿದು ಅಳೆದು ಇಟ್ಟು, ಕ್ಷೌರಿಕನ ಗಾಂಭೀರ್ಯದಿಂದ ನನ್ನ ತಲೆಯನ್ನು ಎಡಕ್ಕೆ ತಿರುಗಿಸಿದ.

"ಅಲ್ಲಾಡಬ್ಯಾಡ ಮಾರಾಯ. ಹ್ಞಾಂ, ಈಗ ಕೇಳು."

ದೊಡ್ಡದರಲ್ಲಿ ತಬಲಾ ಬಿದ್ದದ್ದು ನೇರ ನನ್ನ ಎದೆಯ ಮೇಲೆ. ಹೊಟ್ಟೆಯೊಳಗಿನ ಕಾಫಿ ಸಹ ತಾಳ ಹಾಕಿತು. ಸಣ್ಣದು ಅದರ ಮುಂದೆ ಬಡ ನೆಂಟನ ಹಾಗೆ ಸಂಕೋಚದಿಂದ ಹಾಡಿತು. ಖಚಿತಪಡಿಸಿಕೊಳ್ಳಲು ಮತ್ತೆ ಮೂರು ಭಾನುವಾರ ಹೋದೆ. ತಲೆ ಎಡಕ್ಕೆ ವಾಲಿಸಿ ಕೂತು ಕೂತು ಕುತ್ತಿಗೆ ಹಿಡಿದುಕೊಂಡಿತೇ ಹೊರತು ತೀರ್ಪು ಬದಲಾಗಲಿಲ್ಲ. ದೊಡ್ಡದಕ್ಕೇ ಮುಂಬಯಿಗೆ ಕಾಗದ ಬರೆಯಿರಿ ಎಂದು ಸಾಹೇಬರಿಗೆ ಹೇಳಿದೆ. ಸೋಮವಾರ ಬರೆಯುತ್ತೇನೆ ಎಂದರು.

ಅದರ ಹಿಂದಿನ ದಿನ, ಭಾನುವಾರ, ಮೂರ್ತಿಯ ಹೆಂಡತಿ ನನ್ನನ್ನೂ ಮನೆಯಾಕೆಯನ್ನೂ ಊಟಕ್ಕೆ ಕರೆದಿದ್ದರು. ಹೋದೊಡನೆ ಹೆಂಗಸರು ಒಳಗೆ, ಗಂಡಸರು ನಡುಮನೆಯಲ್ಲಿ. ಇದರಲ್ಲಿ ವಿಶೇಷವೇನೂ ಯಾರಿಗೂ ಕಾಣಲಿಲ್ಲ. ಮೂರ್ತಿ ಸಂಪ್ರದಾಯದಂತೆ ಮೊದಲು ದೊಡ್ಡದನ್ನು, ಆಮೇಲೆ ಸಣ್ಣದನ್ನು ಹಾಡಿಸಿದ. ನಾನು ಸಂಪ್ರದಾಯದಂತೆ ಕುತ್ತಿಗೆ ವಾಲಿಸಿದೆ.

ವಾಪಸು ಬರುವಾಗ ರೈಲಿನಲ್ಲಿ ಗೆದ್ದವನ ಹಾಗೆ ಕೇಳಿದೆ: "ಹೆಂಗಿತ್ತು ದೊಡ್ಡದು?"

"ದೊಡ್ಡದು ಯಾವುದೋ ನಂಗೇನು ಗೊತ್ರಿ. ಮೊದ್ಲು ಹಾಕಿದ್ದು ಪಕ್ಕದ ಮನ್ಯಾಗೆ ಅವಲಕ್ಕಿ ಕುಟ್ಟಿದಂಗೆ ದಡ್ ದಡ್ ಅಂತಿತ್ತು. ಆಮೇಲಿಂದು ನೋಡ್ರಿ, ಒಂದೊಂದು ಅಕ್ಷರಾನೂ ಒಲಿ ಮುಂದಕ್ಕೇ ಬಂತು."

"ಅಯ್ಯೋ, ಹೊರಗೆ ಬಂದು ಎದುರಿಗೆ ಕೂತು ಕೇಳಬೇಕಿತ್ತು!"

ಅವಳು ಕಿಟಕಿಯ ಕಡೆಯಿಂದ ನನ್ನ ಕಡೆಗೆ ತಿರುಗಿದಳು. "ನಮ್ಮನ್ಯಾಗೆ ನಾನು ಎಲ್ಲಿ ನಿಂತು ಕೇಳ್ತೀನ್ರಿ?"

ಅವಳಿಗಾಗಿ ಸ್ಪೀಕರು ಆರಿಸುತ್ತ ನಾಲ್ಕು ಭಾನುವಾರ ನನ್ನ ಕುರ್ಚಿಗೆ ಅಳತೆ ತೆಗೆಸಿದ್ದೆ. ಲೆಕ್ಕವೆಲ್ಲ ಸರಿಯಿತ್ತು, ಪ್ರಶ್ನೆಯನ್ನೇ ತಪ್ಪಾಗಿ ಬರೆದುಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತೆ. "ಸಣ್ಣದಾ? ಮೇಷ್ಟ್ರೇ, ನಾಲ್ಕು ಜನ ನೋಡಿ ಏನಂದಾರು?" ಎಂದು ಸಾಹೇಬರು ನನಗಿಂತ ಹೆಚ್ಚು ನೊಂದುಕೊಂಡರು. ಆದರೂ ಬರೆದರು, ಪೆಟ್ಟಿಗೆಯೂ ಬಂತು. ಅದು ಈಗ ನಡುಮನೆಯಲ್ಲಿ ಅಡುಗೆಮನೆಗೆ ಮುಖ ಮಾಡಿ ಕೂತಿದೆ. ಬಂದವರಿಗೆ ಅದರ ಬೆನ್ನು ಮಾತ್ರ ಕಾಣುತ್ತದೆ. "ಇದೇನ್ರಿ, ಸಿಟ್ಟು ಮಾಡಿಕಂಡೈತಾ?" ಎಂದು ಕೇಳಿದವರೂ ಇದ್ದಾರೆ. ವಿವರಿಸಿ ವಿವರಿಸಿ ಸಾಕಾಗಿ ಈಗ ಹೌದು ಎಂದುಬಿಡುತ್ತೇನೆ.

ಹಾಡು ಚೆನ್ನಾಗಿ ಕೇಳಿಸುವುದು ಅಡುಗೆಮನೆಯ ಹೊಸ್ತಿಲ ಹತ್ತಿರ ಎಂದು ಕ್ರಮೇಣ ನನಗೂ ತಿಳಿಯಿತು. ಆದರೆ ಕೆಲಸವಿಲ್ಲದವರಿಗೆ ಅಲ್ಲಿ ಪ್ರವೇಶವಿಲ್ಲ. ಹಾಗಾಗಿ ಬೆಳ್ಳುಳ್ಳಿ ಬಿಡಿಸುತ್ತ ಕೂರುತ್ತೇನೆ. ಮೊನ್ನೆ ಬೆಳಿಗ್ಗೆ ಹಾಗೆಯೇ ಕೂತು, ಪೆಟ್ಟಿಗೆಯ ಮರ ದಪ್ಪಗಿದ್ದರೆ ಧ್ವನಿ ಹೇಗೆ ತಿಳಿಯಾಗುತ್ತದೆ ಎಂದು ಮೂರ್ತಿ ಹೇಳಿದ್ದನ್ನು ಅವಳಿಗೆ ವಿವರಿಸತೊಡಗಿದೆ. ಅವಳು ತಿರುಗಿಯೂ ನೋಡದೆ ಸೌಟೆತ್ತಿದಳು.

"ಸುಮ್ನಿರ್ರಿ ಸಾಕು, ಹಾಡ್ತಾ ಅದಾರೆ."

ಸುಮ್ಮನಾದೆ. ಮೂರು ತಿಂಗಳ ಅಲೆದಾಟದಲ್ಲಿ ಯಾವ ಸ್ಪೀಕರಿನಿಂದಲೂ ಆ ಗದರಿಕೆಯಷ್ಟು ಇಂಪಾದದ್ದನ್ನು ನಾನು ಕೇಳಿರಲಿಲ್ಲ.