ಬೇವಿನ ಗಿಡದ ಕೆಳಗೆ ನಿಂತವನು

ಮನುಷ್ಯ ಎಲ್ಲಿಗೆ ಹೋದರೂ ಜೊತೆ ಬಿಡದಿರುವುದು ಅವನ ನೆರಳೊಂದೇ ಎಂದು ಹಿರಿಯರು ಹೇಳುತ್ತಾರೆ. ಆ ಹಿರಿಯರು ಯಾದಗಿರಿಯ ಬೇಸಿಗೆಯಲ್ಲಿ ನಡುಮಧ್ಯಾಹ್ನ ಹೊರಬಿದ್ದವರಲ್ಲ. ಇಲ್ಲಿ ಆ ಹೊತ್ತಿಗೆ ನೆರಳೂ ಕಾಲಡಿ ಅಡಗಿಕೊಳ್ಳುತ್ತದೆ.

ನನ್ನ ತಂಗಿ ಗಂಡನ ಹೊಡೆತ ತಾಳಲಾರದೆ ಶಹಾಪುರದ ಮನೆ ಬಿಟ್ಟು ಸುರಪುರದಲ್ಲಿ ಒಂದು ಕೋಣೆ ಹಿಡಿದಳು. ವಿಳಾಸ ಗೊತ್ತಿದ್ದದ್ದು ನನಗೊಬ್ಬನಿಗೆ. ಹೆಂಡತಿಗೂ ಹೇಳಿರಲಿಲ್ಲ, ನಮ್ಮ ಮನೆಯಲ್ಲಿ ಇದೇನು ಸಣ್ಣ ಸಾಹಸವಲ್ಲ.

ಎಂಟನೆಯ ದಿನ ಬೆಳಿಗ್ಗೆ ಆಕೆ ಬಾಗಿಲು ತೆರೆದಾಗ ಎದುರಿನ ಬೇವಿನ ಗಿಡದ ಕೆಳಗೆ ಗಂಡ ನಿಂತಿದ್ದ. ಮಾತಾಡಲಿಲ್ಲ, ಹತ್ತಿರ ಬರಲಿಲ್ಲ. ಸುಮ್ಮನೆ ನಿಂತು, ನೋಡಿ, ಹೋದ. ಕೋಣೆ ಬದಲಿಸಿದೆವು. ನಾಲ್ಕೇ ದಿನಕ್ಕೆ ಅಲ್ಲಿಯೂ ನಿಂತಿದ್ದ. ಒಂದು ಭಾನುವಾರ ಗೆಳತಿಯೊಡನೆ ಬೋನಾಳದ ಕೆರೆಗೆ ಹೋಗಿದ್ದಳಂತೆ. ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ತಿರುಗಿ ನೋಡಿದರೆ ಏರಿಯ ಮೇಲೆ ಅವನು.

ತಂಗಿ ಯಾದಗಿರಿಯ ನಮ್ಮ ಮನೆಗೆ ಬಂದಾಗ ಅವ್ವ ಆಕೆಯ ತೋಳಿಗೆ ತಾಯಿತ ಕಟ್ಟಿಸಿದಳು. ತಾಯಿತಕ್ಕೂ ಅವನು ಮರ್ಯಾದೆ ಕೊಡಲಿಲ್ಲ.

ಕೊನೆಗೆ ತಂಗಿ ನನ್ನನ್ನೇ ದಿಟ್ಟಿಸಿ ಕೇಳಿದಳು. "ಅಣ್ಣಾ, ನಿನಗ ಬಿಟ್ರ ಯಾರಿಗೂ ಗೊತ್ತಿಲ್ಲ. ನೀನೇ ಹೇಳಾಕತ್ತೀಯೇನು?"

ದೇವರ ಮೇಲೆ ಆಣೆ ಮಾಡಿದೆ. ನಂಬಿದಂತೆ ಕಾಣಲಿಲ್ಲ.

ಅದೇ ವಾರ ಆಕೆಯ ಫೋನಿನ ಗಾಜು ಒಡೆಯಿತು. ಇಬ್ಬರೂ ಸುರಪುರದ ಮೊಬೈಲ್ ಅಂಗಡಿಗೆ ಹೋದೆವು. ಗಾಜು ಕೂರಿಸಿದ ಮೇಲೆ ಸರಿಯಾಗಿದೆಯೇ ಎಂದು ನೋಡಲು ಅಂಗಡಿಯವನು ಏನನ್ನೋ ಒತ್ತಿ, ಫೋನನ್ನು ನಮ್ಮ ಕಡೆ ತಿರುಗಿಸಿದ. ನಕಾಶೆಯ ಮೇಲೆ ನೀಲಿ ಗೆರೆ. ಮೊದಲ ಕೋಣೆ, ಎರಡನೆಯ ಕೋಣೆ, ಕಿರಾಣಿ ಅಂಗಡಿ, ಬೋನಾಳದ ಕೆರೆ, ಯಾದಗಿರಿಯ ನನ್ನ ಮನೆ. ಎಲ್ಲಿ ಎಷ್ಟು ನಿಮಿಷ ನಿಂತಳು ಎನ್ನುವುದೂ ಇತ್ತು. ತಂಗಿ ಸೆರಗು ಬಿಗಿಯಾಗಿ ಹೊದ್ದುಕೊಂಡಳು.

"ಈ ಫೋನಿನಾಗ ಹಾಕಿದ ಇಮೇಲ್ ಐಡಿ ಇನ್ನೊಂದು ಫೋನಿನಾಗೂ ಅದರಿ," ಎಂದ ಅಂಗಡಿಯವನು. "ಅವರು ಮನ್ಯಾಗ ಕುಂತು ಎಲ್ಲಾ ನೋಡಾಕತ್ತಾರ. ಇದನ್ನ ಹಾಕಿಸಿದವರು ಯಾರ್ರಿ?"

ಹಾಕಿಸಿದವನು ನಾನು. ಎರಡು ವರ್ಷದ ಹಿಂದೆ ಶಹಾಪುರದಲ್ಲಿ ಆಕೆಗೆ ಈ ಫೋನ್ ಕೊಡಿಸಿದ ದಿನ, ಹೊಸ ಐಡಿ ಮಾಡಲೇ ಎಂದು ಅಲ್ಲಿನ ಅಂಗಡಿಯವನು ಕೇಳಿದ್ದ. ಐಡಿ ಎಂದರೆ ರೇಷನ್ ಕಾರ್ಡಿನಂಥದು ಎಂದು ತಿಳಿದಿದ್ದ ನಾನು, ಒಂದು ಮನೆಗೆ ಎರಡೇಕೆ, ಗಂಡನದನ್ನೇ ಹಾಕು ಎಂದು ಅಪ್ಪಣೆ ಕೊಡಿಸಿದ್ದೆ. ಅದನ್ನು ಅಲ್ಲೇ ನಿಂತು ತಂಗಿಗೆ ಹೇಳಿದೆ.

ಅಂಗಡಿಯವನು ಹಳೆಯ ಐಡಿ ತೆಗೆದು ಆಕೆಯ ಹೆಸರಿನಲ್ಲೇ ಹೊಸದು ಮಾಡಿದ. ಪಾಸ್‌ವರ್ಡ್ ಒತ್ತುವಾಗ ತಂಗಿ, "ಅಣ್ಣಾ, ನೀ ಸ್ವಲ್ಪ ಆಕಡಿ ತಿರುಗು," ಎಂದಳು. ತಿರುಗಿ ನಿಂತೆ.

ಆಕೆ ಮೂರನೆಯ ಕೋಣೆ ಹಿಡಿದು ಐದು ತಿಂಗಳಾಯಿತು. ಗಂಡ ಅಲ್ಲಿಗೆ ಬಂದಿಲ್ಲ. ವಿಳಾಸ ನನಗೂ ಗೊತ್ತಿಲ್ಲ.