ಮದುವೆಯ ಹಿಂದಿನ ದಿನ ಬಂದ ಪೈಪು

ನನಗೆ ಒಬ್ಬಳೇ ತಂಗಿ. ಅವಳಿಗೆ ಮಾತ್ರ ಒಡಹುಟ್ಟಿದವರು ಇಬ್ಬರು: ಒಬ್ಬಳು ನಾನು, ಇನ್ನೊಂದು ಶೆಡ್ಡಿನಲ್ಲಿರುವ ಕಾರು. ಇದು ನನ್ನ ಮಾತಲ್ಲ, ಅಮ್ಮನದು. ಅಮ್ಮ ಬಟ್ಟೆ ಹೊಲಿಯುವವಳು. ಅವಳ ನಾಲಿಗೆಯೂ ಅವಳ ಕತ್ತರಿಯ ಹಾಗೆಯೇ, ಮೊಂಡಾದದ್ದನ್ನು ನಾನು ಕಂಡಿಲ್ಲ.

ತಂಗಿಯ ಕೆಲಸ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ. ಇಡೀ ದಿನ ಯಂತ್ರದ ಮುಂದೆ ಬಗ್ಗಿ ಕೂತು ಗಾಜು ಅರೆಯುತ್ತಾಳೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಆ ಗಾಜು ಫ್ರೇಮಿನಲ್ಲಿ ಕೂರುವುದಿಲ್ಲ. ಅಲ್ಲಿ ಅಷ್ಟು ಶುಚಿಯಾಗಿ ಕೆಲಸ ಮಾಡುವವಳು ಮನೆಗೆ ಬಂದ ಕೂಡಲೇ ಎಣ್ಣೆ ಹತ್ತಿ ಕಪ್ಪಾದ ಹಳೆಯ ಪ್ಯಾಂಟು ಏರಿಸಿ ಶೆಡ್ಡು ಸೇರಿಕೊಳ್ಳುತ್ತಾಳೆ. ಊಟಕ್ಕೆ ಕರೆದರೆ ಕಾರಿನ ಅಡಿಯಿಂದ ಎರಡು ಕಾಲು ಅಲ್ಲಾಡುತ್ತವೆ, ಅಷ್ಟೇ ಉತ್ತರ.

ಕಾರು ಜಪಾನಿನದು. ಎರಡೇ ಬಾಗಿಲು, ತಗ್ಗು ಮೈ, ಮೂಗು ಚೂಪು. ವಯಸ್ಸಿನಲ್ಲಿ ತಂಗಿಗಿಂತ ಒಂದು ವರ್ಷ ಹಿರಿದು. ಹಿಂದಿನ ಬೀದಿಯ ಒಬ್ಬರ ಕಾಂಪೌಂಡಿನಲ್ಲಿ ಅದು ಟಾರ್ಪಾಲಿನ ಕೆಳಗೆ ಬೆಕ್ಕುಗಳ ಸಂಸಾರಕ್ಕೆ ಮನೆಯಾಗಿ ನಿಂತಿತ್ತು. ಶಾಲೆಗೆ ಹೋಗುವಾಗಲೇ ಇವಳು ಗೇಟಿನ ಸಂದಿಯಲ್ಲಿ ಮೂಗು ತೂರಿಸಿ ಅದನ್ನು ನೋಡುತ್ತಿದ್ದಳು. ಕೆಲಸಕ್ಕೆ ಸೇರಿ, ಒಂದು ಒಳ್ಳೆಯ ಚಪ್ಪಲಿಯನ್ನೂ ಕೊಳ್ಳದೆ ಕೂಡಿಟ್ಟು, ಕೊನೆಗೆ ಅದನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಮನೆಗೆ ತಂದಳು. ಓಡದ ಕಾರಿನ ಸ್ಟಿಯರಿಂಗ್ ಹಿಡಿದು ಒಳಗೆ ಕೂತಿದ್ದವಳ ಮುಖ ನೋಡಬೇಕಿತ್ತು, ರಾಜ್ಯ ಗೆದ್ದು ಬಂದವರಿಗೂ ಅಷ್ಟು ಜಂಬ ಇರಲಿಕ್ಕಿಲ್ಲ.

"ಇದರಲ್ಲಿ ಟರ್ಬೊ ಇದೆ ಅಮ್ಮ," ಎಂದು ವಿವರಿಸಿದಳು. "ಎಂಜಿನ್ ಹೊರಗೆ ಬಿಡೋ ಹೊಗೆ ಇದೆಯಲ್ಲ, ಅದರ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗುತ್ತೆ. ಅದು ಎಂಜಿನ್ನಿಗೆ ಇನ್ನೂ ಜಾಸ್ತಿ ಗಾಳಿ ತುಂಬುತ್ತೆ. ಜಾಸ್ತಿ ಗಾಳಿ, ಜಾಸ್ತಿ ಶಕ್ತಿ!"

"ಹೊಗೆ ಹತ್ರಾನೂ ಕೆಲಸ ಮಾಡಿಸ್ತೀಯ," ಎಂದಳು ಅಮ್ಮ. "ನೀನು ಮಾತ್ರ ಕುಡಿದ ಲೋಟ ಎತ್ತಿಡಲ್ಲ."

ಆಮೇಲೆ ನಮ್ಮ ಮನೆಯಲ್ಲಿ ನಡೆದದ್ದೆಲ್ಲ ಕಾರಿನ ಪುರಾಣವೇ. ಎಂಜಿನ್ ಬಿಚ್ಚಿದಳು, ತೊಳೆದಳು, ಮತ್ತೆ ಜೋಡಿಸಿದಳು. ಜಪಾನಿ ಭಾಷೆಯ ಕೈಪಿಡಿಯನ್ನು ಚಿತ್ರ ನೋಡಿಕೊಂಡೇ ಅರ್ಥ ಮಾಡಿಕೊಂಡಳು. ಹಿಂದಿನ ಸೀಟು ಕಿತ್ತು ಭಾರ ಇಳಿಸಿದಳು. ಸ್ಪ್ರಿಂಗ್ ಬದಲಾಯಿಸಿ ಕಾರನ್ನು ಎಷ್ಟು ತಗ್ಗಿಸಿದಳೆಂದರೆ, ಬೀದಿಯ ಉಬ್ಬು ಬಂದರೆ ಏಡಿಯ ಹಾಗೆ ಅಡ್ಡಡ್ಡ ದಾಟಿಸಬೇಕು. ಟಾರ್ಚ್ ಹಿಡಿಯುವ ಕೆಲಸ ನನ್ನದು. ನಾನು ಆಸ್ಪತ್ರೆಯಲ್ಲಿ ರಕ್ತ ತೆಗೆಯುವವಳು, ದಿನವಿಡೀ ನಿಂತೇ ಇರುತ್ತೇನೆ. ಮನೆಗೆ ಬಂದರೆ ಇಲ್ಲಿ ಮತ್ತೆ ನಿಲ್ಲಬೇಕು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಎಷ್ಟೋ ಸಲ ಟಾರ್ಚ್ ಕುಕ್ಕಿ ಒಳಗೆ ಹೋಗಿದ್ದೇನೆ. ಹೋದಷ್ಟೇ ಬೇಗ ವಾಪಸ್ಸೂ ಬಂದಿದ್ದೇನೆ. ನಿಜ ಹೇಳಬೇಕೆಂದರೆ ಆ ಶೆಡ್ಡಿನಲ್ಲಿ ನನಗೆ ತುಂಬಾ ಖುಷಿಯಿತ್ತು.

ಎಂಜಿನ್ ಮೊದಲ ಸಲ ಹತ್ತಿಕೊಂಡ ದಿನ ಶೆಡ್ಡಿನ ತಗಡು ಗಡಗಡ ನಡುಗಿತು. ತಂಗಿ ಕುಣಿದಳು, ನಾನೂ ಕುಣಿದೆ. ಅಮ್ಮ ಸೂಜಿ ಹಿಡಿದುಕೊಂಡೇ ಓಡಿಬಂದು, "ಏನ್ ಬಿತ್ತೇ?" ಎಂದು ಕೂಗಿದಳು. ಆ ಸಂಜೆಯೇ ತಂಗಿ ನನ್ನನ್ನು ಕೂರಿಸಿಕೊಂಡು ಊರಾಚೆಯ ದಿಬ್ಬದ ರಸ್ತೆಗೆ ಹೋದಳು. ಆಕ್ಸಿಲರೇಟರ್ ಒತ್ತಿದಳು, ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಎಲ್ಲಿಂದಲೋ 'ಸುಯ್ಯ್' ಎಂಬ ಸಿಳ್ಳು ಎದ್ದಿತು, ಯಾರೋ ಹಿಂದಿನಿಂದ ನೂಕಿದ ಹಾಗೆ ಬೆನ್ನು ಸೀಟಿಗೆ ಅಂಟಿತು, ಮರಗಳು ಸರಸರನೆ ಹಿಂದಕ್ಕೋಡಿದವು. ನಾನು ಕಿರುಚಿದೆ. ಹೆದರಿಕೆಗೆ ಎಂದುಕೊಂಡು ಅವಳು ಕಾಲು ತೆಗೆದಳು.

"ನಿಲ್ಲಿಸಬೇಡ ಕಣೇ!" ಎಂದು ಅವಳ ತೊಡೆಗೆ ಒಂದು ಬಿಟ್ಟೆ.

ಅವತ್ತೇ ಅವಳು ಮಾತು ಕೊಟ್ಟಿದ್ದು: "ಅಕ್ಕ, ನಿನ್ನ ಮದುವೆಗೆ ನಿನ್ನ ಈ ಕಾರಲ್ಲೇ ಕರ್ಕೊಂಡು ಹೋಗ್ತೀನಿ. ಬೇರೆ ಯಾವ ಗಾಡೀನೂ ಹತ್ತಬಾರದು ನೀನು."

ಮದುವೆ ನಿಶ್ಚಯವಾಯಿತು. ಹುಡುಗ ದೂರದ ಊರಿನಲ್ಲಿ ಔಷಧಿ ಅಂಗಡಿ ಇಟ್ಟವನು. ದಿಬ್ಬದ ಮೇಲಿನ ನೋಂದಣಿ ಕಚೇರಿಯಲ್ಲಿ ಸಹಿ, ಆಮೇಲೆ ಊಟ, ಅಲ್ಲಿಂದ ನಾನು ಅವನ ಊರಿಗೆ. ಕಚೇರಿಯವರು ಮೊದಲೇ ಹೇಳಿದ್ದರು: ಮಧ್ಯಾಹ್ನದ ಊಟದ ಬಿಡುವಿಗೆ ಮುಂಚೆಯೇ ಬರಬೇಕು, ಆಮೇಲೆ ಅಧಿಕಾರಿ ಬೇರೆ ಊರಿಗೆ ಹೋಗುತ್ತಾರೆ, ತಪ್ಪಿದರೆ ಮುಂದಿನ ವಾರ. ಹುಡುಗನ ಕಡೆಯವರೆಲ್ಲ ಕೆಲಸಕ್ಕೆ ರಜೆ ಹಾಕಿ ಬಂದಿದ್ದರು. ತಂಗಿ ಕಾರನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದಳು. ಎಣ್ಣೆ ಹೊಸದು, ಗಾಳಿ ಸರಿ, ಬ್ರೇಕು ಸರಿ. ಕಾರು ಬೆಣ್ಣೆಯ ಹಾಗೆ ಓಡುತ್ತಿತ್ತು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಜಪಾನಿನಿಂದ ಒಂದು ಪಾರ್ಸೆಲ್ ಬಂತು. ಮನೆ ತುಂಬ ನನ್ನ ಉಡುಗೊರೆಗಳಿದ್ದವು, ಇವಳು ಅವು ಯಾವುದರ ಕಡೆಗೂ ತಿರುಗಿ ನೋಡದೆ ಇದನ್ನು ಹಲ್ಲಲ್ಲಿ ಕಚ್ಚಿ ಹರಿದಳು. ಒಳಗೆ ಬೆಳ್ಳಿಯಂತೆ ಹೊಳೆಯುವ ಒಂದು ಸೊಟ್ಟ ಪೈಪು. ಟರ್ಬೊದ ಗಾಳಿಯನ್ನು ಎಂಜಿನ್ನಿಗೆ ಒಯ್ಯುವ ಪೈಪಂತೆ, ಮೊದಲಿದ್ದದ್ದಕ್ಕಿಂತ ದಪ್ಪದ್ದಂತೆ.

"ಬೇಡ," ಎಂದೆ. "ನಾಡಿದ್ದು ಹಾಕ್ಕೋ."

"ಬರೀ ಪೈಪು ಬಿಗಿಯೋ ಎರಡು ಕ್ಲಾಂಪ್ ಬಿಚ್ಚೋದು ಅಕ್ಕ. ಕಣ್ಮುಚ್ಚಿ ಬಿಡೋದ್ರೊಳಗೆ ಮುಗಿಯುತ್ತೆ."

ಇವಳಂಥವರ ಜಾತಿಯೇ ಹೀಗೆ. ಕೆಟ್ಟ ಕಾರನ್ನು ಸರಿಮಾಡುವ ತಾಳ್ಮೆ ಸಮುದ್ರದಷ್ಟಿರುತ್ತದೆ, ಸರಿಯಾಗಿರುವ ಕಾರನ್ನು ಸುಮ್ಮನೆ ಬಿಡುವ ತಾಳ್ಮೆ ಸಾಸಿವೆಯಷ್ಟೂ ಇರುವುದಿಲ್ಲ. ಅವಳು ಶೆಡ್ಡಿಗೆ ಹೋದಳು. ಒಳಗೆ ಅಮ್ಮ ನನಗೆ ಮದುವೆಯ ಬಟ್ಟೆ ತೊಡಿಸಿ, ನೋಡು ಬಾರೆಂದು ಅವಳನ್ನು ಕೂಗಿ ಕರೆಸಿದಳು. ತಂಗಿ ಸ್ಕ್ರೂಡ್ರೈವರ್ ಹಿಡಿದೇ ಓಡಿಬಂದಳು, ಬಾಗಿಲಲ್ಲಿ ನಿಂತು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು, ಮೂಗೊರೆಸಿಕೊಂಡು ವಾಪಸ್ಸು ಹೋದಳು.

ಬೆಳಿಗ್ಗೆ ಹೊರಟೆವು. ಅಮ್ಮ ಹೊಲಿದ ಬಟ್ಟೆಯ ಮೇಲೆ ತಂಗಿ ಓಟದ ಕಾರಿನ ನಾಲ್ಕು ಪಟ್ಟಿಯ ಬೆಲ್ಟು ಬಿಗಿದಳು, ಅಮ್ಮನ ಜೀವ ಬಾಯಿಗೆ ಬಂತು. ಅಮ್ಮ ಟ್ಯಾಕ್ಸಿಯಲ್ಲಿ ನಮ್ಮ ಹಿಂದೆ. ಬೀದಿಯ ಮಕ್ಕಳು ಕೇಕೆ ಹಾಕಿದರು, ಹಾಲಿನ ಅಂಗಡಿಯವನು ಸಲಾಮು ಹೊಡೆದ. ಊರೊಳಗೆ ಮೆಲ್ಲಗೆ ಸಾಗುವವರೆಗೂ ಎಲ್ಲ ಚೆನ್ನಾಗಿತ್ತು. ದಿಬ್ಬದ ಬುಡ ಬಂತು. ತಂಗಿ ನನ್ನ ಕಡೆ ನೋಡಿ ನಕ್ಕಳು, ಆಕ್ಸಿಲರೇಟರ್ ಒತ್ತಿದಳು.

ಸಿಳ್ಳು ಏಳಲಿಲ್ಲ. ದಮ್ಮು ಹತ್ತಿದವರ ಹಾಗೆ ಕಾರು ಕೆಮ್ಮಿತು, ತೆವಳಿತು, ಮೊದಲ ತಿರುವಿನಲ್ಲೇ ನಿಂತುಬಿಟ್ಟಿತು.

ಟ್ಯಾಕ್ಸಿ ಬಂದು ಪಕ್ಕಕ್ಕೆ ನಿಂತಿತು. ಅಮ್ಮ ಕಿಟಕಿಯಿಂದ ಅರ್ಧ ಹೊರಗೆ ಬಂದಿದ್ದಳು. "ಹತ್ತೇ! ಹೊತ್ತಾಗುತ್ತೆ, ಹತ್ತು!"

ತಂಗಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಬೆಲ್ಟನ್ನು ತಾನೇ ಬಿಚ್ಚಿದಳು. "ಹೋಗಕ್ಕ. ಟ್ಯಾಕ್ಸೀಲಿ ಹೋಗು."

"ಚೆನ್ನಾಗಿದ್ದ ಕಾರಿಗೆ ಯಾಕೇ ಕೈ ಹಾಕ್ದೆ?" ಎಂದು ಕಿರುಚಿದೆ.

"ಇಬ್ಬರು ಕೂತರೆ ಈ ತಿರುವಲ್ಲಿ ಒಂಚೂರು ತಡವರಿಸ್ತಿತ್ತು. ನಿಂಗೆ ಗೊತ್ತಾಗ್ತಿರಲಿಲ್ಲ, ನಂಗೆ ಗೊತ್ತಾಗ್ತಿತ್ತು." ಅವಳು ಬೆಲ್ಟನ್ನು ಪಕ್ಕಕ್ಕೆ ಸರಿಸಿದಳು. "ನೀನು ಮನೆ ಬಿಟ್ಟು ಹೋಗೋ ದಿನ ಅದು ತಡವರಿಸಬಾರದು ಅಂತ ತರಿಸಿದೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಕಾರಿನಿಂದ ಇಳಿದೆ, ಟ್ಯಾಕ್ಸಿ ಹತ್ತಲಿಲ್ಲ. "ಬಾನೆಟ್ ಎತ್ತು," ಎಂದೆ. "ಅಮ್ಮ, ನೀನು ಹೋಗಿ ಅಧಿಕಾರೀನ ಮಾತಲ್ಲಿ ಕಟ್ಟಿ ಹಾಕು."

"ಇಬ್ಬರಿಗೂ ಹುಚ್ಚು," ಎಂದಳು ಅಮ್ಮ. ಆದರೆ ಮಾತಿನಲ್ಲಿ ಕಟ್ಟಿ ಹಾಕುವ ಕೆಲಸ ಅವಳಿಗೆ ಎರಡು ಸಲ ಹೇಳಬೇಕಾಗಿಲ್ಲ. ಟ್ಯಾಕ್ಸಿ ಹೊರಟಿತು.

ತಂಗಿ ಕ್ಲಾಂಪುಗಳನ್ನು ಮುಟ್ಟಿ ನೋಡಿದಳು, ವೈರುಗಳನ್ನು ಅಲುಗಿಸಿದಳು, ಕಿವಿಯಿಟ್ಟು ಕೇಳಿದಳು. ಎಲ್ಲೂ ಸೋರಿಕೆಯಿಲ್ಲ, ಎಲ್ಲ ಬಿಗಿಯಾಗಿದೆ. ಅವವೇ ಕ್ಲಾಂಪುಗಳನ್ನು ಮತ್ತೆ ಮೊದಲಿನಿಂದ ಮುಟ್ಟತೊಡಗಿದಳು. ಆಸ್ಪತ್ರೆಯಲ್ಲಿ ಹೆದರಿದವರನ್ನು ಮಾತಾಡಿಸುವ ದನಿಯಲ್ಲೇ ಕೇಳಿದೆ: "ನಿನ್ನೆ ಬಟ್ಟೆ ನೋಡೋಕೆ ಕರೆದಾಗ ಕೆಲಸ ಎಲ್ಲಿಗೆ ಬಿಟ್ಟು ಬಂದೆ?"

"ಪೈಪಿನ ಒಂದು ಕಡೆ ಕೂರಿಸಿದ್ದೆ. ಇನ್ನೊಂದು ಬಾಯಿಗೆ..." ಅವಳು ತಲೆ ಚಚ್ಚಿಕೊಂಡಳು. "ಅಯ್ಯೋ! ಬಟ್ಟೆ!"

ಬಿಚ್ಚಿದ ಪೈಪಿನ ಬಾಯಿಗೆ ಸ್ಕ್ರೂ, ಧೂಳು ಬೀಳದಿರಲೆಂದು ಬಟ್ಟೆ ತುರುಕುವುದು ಅವಳ ಪದ್ಧತಿ. ನಿನ್ನೆ ತುರುಕಿ ನನ್ನನ್ನು ನೋಡಲು ಬಂದವಳು, ವಾಪಸ್ಸು ಹೋಗಿ ಕಣ್ಣೀರಿನಲ್ಲಿ ಹಾಗೇ ಬಿಗಿದುಬಿಟ್ಟಿದ್ದಳು. ಈಗ ಕ್ಲಾಂಪ್ ಸಡಿಲಿಸಿ ಪೈಪು ಹೊರತೆಗೆದಳು. ಬಟ್ಟೆ ಗಾಳಿಯ ಸೆಳೆತಕ್ಕೆ ಒಳಗಿನ ತಿರುವಿಗೆ ಹೋಗಿ ಕಚ್ಚಿಕೊಂಡಿತ್ತು. ಅವಳ ಅಗಲ ಅಂಗೈ ಅಲ್ಲಿಗೆ ಹೋಗುತ್ತಿರಲಿಲ್ಲ.

"ಸರಿ ಆಚೆ," ಎಂದೆ. ಮದುವೆಯ ಬಟ್ಟೆಯ ತೋಳು ಮೇಲೇರಿಸಿ ಕೈ ತೂರಿಸಿದೆ. ಸಿಗದ ನರವನ್ನು ಬೆರಳ ತುದಿಯಲ್ಲೇ ಹುಡುಕುವ ಕೈ ಇದು. ಬೆಚ್ಚಗಿನ ಲೋಹ, ಎಣ್ಣೆಯ ಜಿಡ್ಡು, ಆಮೇಲೆ ಒಂದು ಮೆತ್ತನೆಯ ಚುಂಗು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಉಂಡೆಯಾಗಿ ಹೊರಬಿದ್ದದ್ದು ನನ್ನದೇ ಮದುವೆ ಬಟ್ಟೆಯ ಒಳಪದರಕ್ಕೆ ಕತ್ತರಿಸಿ ಮಿಕ್ಕ ತುಂಡು! ಇಬ್ಬರೂ ರಸ್ತೆಯ ಬದಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನ್ನ ಕೈ ಮೊಣಕೈವರೆಗೂ ಕಪ್ಪು.

ಪೈಪು ಕೂತಿತು, ಕ್ಲಾಂಪ್ ಬಿಗಿಯಿತು, ಕೀಲಿ ತಿರುಗಿತು. "ಗಟ್ಟಿಯಾಗಿ ಹಿಡ್ಕೋ," ಎಂದಳು.

ಸುಯ್ಯ್! ಆ ಸಿಳ್ಳಿಗೆ ನನ್ನ ಮೈಯೆಲ್ಲ ಜುಮ್ಮೆಂದಿತು. ಎರಡನೆಯ ಗೇರು, ಮೂರನೆಯದು, ತಿರುವು, ಮತ್ತೆ ಎರಡನೆಯದು. ಎಲ್ಲಿಯೂ ತಡವರಿಸಲಿಲ್ಲ, ಒಂದು ಎಳ್ಳಿನಷ್ಟೂ ಇಲ್ಲ! ದಿಬ್ಬವನ್ನು ಯಾರೋ ಕೆಳಕ್ಕೆ ಒತ್ತಿ ಸಪಾಟು ಮಾಡಿಟ್ಟ ಹಾಗಿತ್ತು. ನಾನು ಕಿರುಚುತ್ತಿದ್ದೆ, ಅವಳೂ ಕಿರುಚುತ್ತಿದ್ದಳು. ಮದುವೆಗೆ ಹೋಗುತ್ತಿದ್ದೇನೆಂಬುದು ನನಗೆ ಮರೆತೇಹೋಗಿತ್ತು.

ಕಚೇರಿಯ ಅಂಗಳದಲ್ಲಿ ಕಾರು ನಿಂತಾಗ ಹುಡುಗ ಮೆಟ್ಟಿಲ ಮೇಲಿಂದ ಓಡಿಬಂದ. "ಬೇಗ ಬನ್ನಿ, ಅಧಿಕಾರಿ ಹೊರಡೋಕೆ ಚೀಲ ಎತ್ಕೊಂಡಿದ್ದಾರೆ. ನಿಮ್ಮಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಾರೆ. ಸಾಕ್ಷಿಗೆ ತಂಗೀನೂ ಬೇಕು!"

ಟರ್ಬೊ ಕಾರು ಜೋರಾಗಿ ಓಡಿ ಬಂದರೆ ಕೂಡಲೇ ಎಂಜಿನ್ ನಿಲ್ಲಿಸಬಾರದು. ಆ ಪುಟ್ಟ ಚಕ್ರ ಕೆಂಡದಂತೆ ಕಾದಿರುತ್ತದೆ. ಎಣ್ಣೆ ಸುತ್ತುತ್ತ ಅದು ತಣಿಯುವವರೆಗೆ ನಿಂತಲ್ಲೇ ಓಡಲು ಬಿಡಬೇಕು, ಇಲ್ಲದಿದ್ದರೆ ಒಳಗೇ ಸುಟ್ಟು ಹಾಳಾಗಬಹುದು. ಮಳೆ ಬರಲಿ, ಹಸಿವಾಗಲಿ, ಅಮ್ಮ ಬೈಯಲಿ, ತಂಗಿ ಈ ನೇಮವನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಈಗ ಅವಳ ಕೈ ನೇರವಾಗಿ ಕೀಲಿಗೆ ಹೋಯಿತು, ಎಂಜಿನ್ ಪಟ್ಟನೆ ಸುಮ್ಮನಾಯಿತು.

"ಏನೇ ಮಾಡ್ದೆ? ತಣ್ಣಗಾಗ್ಬೇಕಲ್ವಾ?" ಎಂದೆ.

"ಟರ್ಬೊ ಇನ್ನೊಂದು ಸಿಗುತ್ತೆ ಅಕ್ಕ," ಎಂದಳು. "ನೀನು ಇಳಿ."

ಅವಳು ನನ್ನ ಕಪ್ಪು ಕೈ ಹಿಡಿದು ಎಳೆದಳು, ಇಬ್ಬರೂ ಮೆಟ್ಟಿಲು ಹತ್ತಿ ಒಳಗೆ ಓಡಿದೆವು.